ನಂಬಿಕೆಯ ಬುಡಕ್ಕೆ ಪ್ರಮಾಣ ಯಾವುದು: ಸೆಕ್ಯೂರ್ ಬೂಟ್, ಕುಲದೇವತೆ, ಇಷ್ಟಲಿಂಗ

ಒಂದು ಮಾತನ್ನು ನಿಜವೆಂದು ಒಪ್ಪಲು ಪ್ರಮಾಣ ಬೇಕು ಎನ್ನುವುದಾದರೆ, ಆ ಪ್ರಮಾಣವನ್ನು ಒಪ್ಪಲು ಇನ್ನೊಂದು ಪ್ರಮಾಣ ಬೇಕಾಗುತ್ತದೆ, ಅದನ್ನು ಒಪ್ಪಲು ಮತ್ತೊಂದು. ಹೀಗೆ ಎಲ್ಲಿಯೂ ನಿಲ್ಲದೆ ಹಿಂದಕ್ಕೆ ಸರಿಯುತ್ತಲೇ ಹೋಗುವ ದೋಷವನ್ನು ಭಾರತೀಯ ತರ್ಕಶಾಸ್ತ್ರ ಅನವಸ್ಥೆ ಎಂದು ಕರೆಯುತ್ತದೆ. ಮೀಮಾಂಸಕರು, ನೈಯಾಯಿಕರು, ಬೌದ್ಧರು, ಜೈನರು ಶತಮಾನಗಳ ಕಾಲ ವಾದಿಸಿದ ಈ ಪ್ರಶ್ನೆ ಇಂದು ಮೇಜಿನ ಮೇಲಿನ ಡೆಸ್ಕ್‌ಟಾಪ್ ಕಂಪ್ಯೂಟರಿನಲ್ಲಿ, ಅದರ ಗುಂಡಿ ಒತ್ತಿದ ಮೊದಲ ಕೆಲವು ಕ್ಷಣಗಳಲ್ಲಿ, ಪ್ರತಿದಿನ ಮತ್ತೆ ಏಳುತ್ತದೆ. ಯಂತ್ರ ಎಚ್ಚರಗೊಳ್ಳುವಾಗ ಮೊದಲು ಓಡುವ ತಂತ್ರಾಂಶ ನಂಬಿಕೆಗೆ ಅರ್ಹವೇ ಎಂದು ತೀರ್ಮಾನಿಸುವವರು ಯಾರು, ಆ ತೀರ್ಮಾನಿಸುವವರನ್ನು ನಂಬುವುದು ಯಾವ ಆಧಾರದ ಮೇಲೆ ಎಂಬುದೇ ಸೆಕ್ಯೂರ್ ಬೂಟ್ ಎಂಬ ವ್ಯವಸ್ಥೆಯ ತಿರುಳು. ವ್ಯವಸ್ಥೆ ಸುಸೂತ್ರವಾಗಿ ನಡೆಯುವಾಗ ಈ ಪ್ರಶ್ನೆ ಯಾರ ಕಣ್ಣಿಗೂ ಬೀಳುವುದಿಲ್ಲ. ಅದು ಕೆಟ್ಟು ನಿಂತಾಗ, ನಂಬಿಕೆಯನ್ನು ಎಲ್ಲಿ ಇಡಲಾಗಿತ್ತು ಎಂಬುದು ಬಯಲಿಗೆ ಬರುತ್ತದೆ. ಆದುದರಿಂದ ಅದರ ದೋಷಗಳನ್ನು ಒಂದೊಂದಾಗಿ ಪರಿಶೀಲಿಸುವುದು ತಾತ್ವಿಕ ವಿಚಾರಣೆಗೂ ಒಂದು ದಾರಿಯಾಗಬಲ್ಲದು. ಬಾದಾಮಿ, ಹುನಗುಂದ ಸೀಮೆಯ ಧಾರ್ಮಿಕ ಬದುಕು ಅದೇ ಪ್ರಶ್ನೆಗೆ ಕೊಟ್ಟಿರುವ ಉತ್ತರಗಳನ್ನು ಪಕ್ಕದಲ್ಲಿಟ್ಟರೆ ಆ ದಾರಿ ಇನ್ನಷ್ಟು ಸ್ಪಷ್ಟವಾಗುತ್ತದೆ.

ಮದರ್‌ಬೋರ್ಡಿನ ಚಿಪ್ಪಿನಲ್ಲಿ ನೆಲೆಸಿದ್ದು, ಯಂತ್ರವನ್ನು ಎಬ್ಬಿಸಿ ವಿಂಡೋಸ್ ಅಥವಾ ಲಿನಕ್ಸಿನ ಕೈಗೆ ಒಪ್ಪಿಸುವ ಮೂಲ ತಂತ್ರಾಂಶಕ್ಕೆ ಫರ್ಮ್‌ವೇರ್ ಎಂದು ಹೆಸರು. ಹಳೆಯ ಬಯಾಸ್‌ನ ಜಾಗಕ್ಕೆ ಬಂದ ಅದರ ಹೊಸ ಮಾನದಂಡವೇ ಯುಇಎಫ್‌ಐ. ಈ ಮಾನದಂಡದ 2011ರ 2.3.1 ಆವೃತ್ತಿಯಲ್ಲಿ ರೂಪುಗೊಂಡ ಸೆಕ್ಯೂರ್ ಬೂಟ್, 2012ರಲ್ಲಿ ವಿಂಡೋಸ್ 8 ಬಂದಾಗ ಹೊಸ ಯಂತ್ರಗಳಲ್ಲಿ ವ್ಯಾಪಕವಾಗಿ ನೆಲೆಗೊಂಡಿತು. ಅದರ ರಚನೆ ನಾಲ್ಕು ಅಂಗಗಳದ್ದು. ತುತ್ತತುದಿಯಲ್ಲಿ ಪ್ಲಾಟ್‌ಫಾರ್ಮ್ ಕೀ ಎಂಬ ಒಡೆತನದ ಕೀಲಿ ಇರುತ್ತದೆ, ಇದು ಸಾಮಾನ್ಯವಾಗಿ ಯಂತ್ರದ ತಯಾರಕರದು. ಅದರ ಅನುಮತಿಯಿಂದ ಕೆಲಸ ಮಾಡುವ ಕೀ ಎಕ್ಸ್‌ಚೇಂಜ್ ಕೀ ಕೆಳಗಿನ ಎರಡು ಪಟ್ಟಿಗಳನ್ನು ತಿದ್ದುವ ಅಧಿಕಾರ ಹೊಂದಿರುತ್ತದೆ. ಡಿಬಿ ಎಂಬ ಮೊದಲ ಪಟ್ಟಿಯಲ್ಲಿ ಒಪ್ಪಬಹುದಾದ ಸಹಿಗಳೂ, ಡಿಬಿಎಕ್ಸ್ ಎಂಬ ಎರಡನೆಯ ಪಟ್ಟಿಯಲ್ಲಿ ಬಹಿಷ್ಕರಿಸಿದ ಸಹಿಗಳೂ ಇರುತ್ತವೆ. ಬೂಟ್‌ಲೋಡರ್ ಎಂಬ ಮೊದಲ ಕಡತ ಬಂದು ನಿಂತಾಗ ಫರ್ಮ್‌ವೇರ್ ಅದರ ಡಿಜಿಟಲ್ ಸಹಿಯನ್ನು ಈ ಎರಡು ಪಟ್ಟಿಗಳಿಗೆ ತಾಳೆ ಹಾಕಿ ಒಳಗೆ ಬಿಡುತ್ತದೆ ಅಥವಾ ತಡೆಯುತ್ತದೆ, ಒಳಗೆ ಬಂದ ಬೂಟ್‌ಲೋಡರ್ ತನ್ನ ಮುಂದಿನ ಕಡತವನ್ನು ಹಾಗೆಯೇ ಪರೀಕ್ಷಿಸುತ್ತದೆ. ಒಂದರ ಸಾಕ್ಷಿಯ ಮೇಲೆ ಇನ್ನೊಂದು ನಿಲ್ಲುವ ಈ ಪರಂಪರೆಯಲ್ಲಿ ಮೊದಲನೆಯದಕ್ಕೆ ಮಾತ್ರ ಸಾಕ್ಷಿ ಹೇಳುವವರಿಲ್ಲ: ಪ್ಲಾಟ್‌ಫಾರ್ಮ್ ಕೀಲಿಯ ಪ್ರಮಾಣಪತ್ರಕ್ಕೆ ಸಾಮಾನ್ಯವಾಗಿ ಅದೇ ಕೀಲಿಯ ಸಹಿ ಇರುತ್ತದೆ, ಅಂದರೆ ಅದು ತನಗೆ ತಾನೇ ಸಾಕ್ಷಿ.

ಬಳಕೆದಾರರು ಎದುರಿಸುವ ತೊಂದರೆಗಳಲ್ಲಿ ಮೊದಲ ಗುಂಪು ಈ ಪರಂಪರೆ ಆರಂಭವೇ ಆಗದಿರುವುದರಿಂದ ಹುಟ್ಟುವಂಥದು. 2021ರಲ್ಲಿ ಬಂದ ವಿಂಡೋಸ್ 11 ಸೆಕ್ಯೂರ್ ಬೂಟ್ ಸಾಮರ್ಥ್ಯವನ್ನು ಕೇಳಿದ್ದರಿಂದಲೂ, ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದುದರಿಂದಲೂ, ಹಳೆಯ ಡೆಸ್ಕ್‌ಟಾಪುಗಳ ಒಡೆಯರು ಫರ್ಮ್‌ವೇರಿನ ಸೆಟಿಂಗುಗಳ ಮೆನುವನ್ನು ಮೊದಲ ಬಾರಿಗೆ ತೆರೆದು ನೋಡುವಂತಾಯಿತು. ಹಳೆಯ ಬಯಾಸಿನಂತೆ ನಟಿಸುವ ಸಿಎಸ್‌ಎಂ ಎಂಬ ಸವಲತ್ತು ಚಾಲ್ತಿಯಲ್ಲಿದ್ದರೆ ಸೆಕ್ಯೂರ್ ಬೂಟ್ ಆನ್ ಆಗುವುದಿಲ್ಲ. ಸಿಎಸ್‌ಎಂ ಆಫ್ ಮಾಡಿದರೆ, ಎಂಬಿಆರ್ ಎಂಬ ಹಳೆಯ ಪದ್ಧತಿಯಲ್ಲಿ ವಿಂಗಡಿಸಿದ ಡಿಸ್ಕಿನಿಂದ ವಿಂಡೋಸ್ ಏಳುವುದಿಲ್ಲ, ಆದ್ದರಿಂದ ಮೊದಲು ಕಡತಗಳ ಪ್ರತಿ ತೆಗೆದಿಟ್ಟುಕೊಂಡು ಡಿಸ್ಕನ್ನು ಜಿಪಿಟಿ ಪದ್ಧತಿಗೆ ಬದಲಾಯಿಸಬೇಕು. ಗ್ರಾಫಿಕ್ಸ್ ಕಾರ್ಡ್ ಬಹಳ ಹಳೆಯದಾಗಿದ್ದು ಯುಇಎಫ್‌ಐಯನ್ನು ಅರಿಯದಿದ್ದರೆ ಪರದೆಯೇ ಕಪ್ಪಾಗಿ ಉಳಿಯುತ್ತದೆ. ಇನ್ನೂ ಕುತೂಹಲದ ಸ್ಥಿತಿ ಎಂದರೆ ಮೆನುವಿನಲ್ಲಿ ಸೆಕ್ಯೂರ್ ಬೂಟ್ ಎನೇಬಲ್ಡ್ ಎಂದಿರುತ್ತದೆ, ಆದರೆ ವಿಂಡೋಸಿನ ಸಿಸ್ಟಮ್ ಇನ್ಫರ್ಮೇಶನ್ ಪುಟದಲ್ಲಿ ಅದೇ ಸಂಗತಿಯ ಮುಂದೆ ಆಫ್ ಎಂದಿರುತ್ತದೆ. ಪ್ಲಾಟ್‌ಫಾರ್ಮ್ ಕೀಲಿಯೇ ಅಳಿಸಿಹೋಗಿ ಯಂತ್ರ ಸೆಟಪ್ ಮೋಡ್ ಎಂಬ ಒಡೆಯನಿಲ್ಲದ ಅವಸ್ಥೆಯಲ್ಲಿದ್ದಾಗ ಹೀಗಾಗುತ್ತದೆ; ರೀಸ್ಟೋರ್ ಫ್ಯಾಕ್ಟರಿ ಕೀಸ್ ಎಂಬ ಆಯ್ಕೆಯಿಂದ ಕಾರ್ಖಾನೆಯ ಕೀಲಿಗಳನ್ನು ಮರಳಿ ತುಂಬಿದ ಮೇಲೆ ಅದು ಯೂಸರ್ ಮೋಡಿಗೆ ಬರುತ್ತದೆ. ಕಾವಲು ಇದೆ ಎಂಬ ಹೇಳಿಕೆ ಬೇರೆ, ಕಾವಲು ನಿಂತಿರುವುದು ಬೇರೆ ಎಂಬುದು ಇಲ್ಲಿ ಸಿಗುವ ಮೊದಲ ಪಾಠ.

ಎರಡನೆಯ ಗುಂಪಿನ ತೊಂದರೆಗಳಲ್ಲಿ ಕಾವಲು ನಿಂತಿದೆ, ಬಂದವನ ಗುರುತು ಮಾತ್ರ ಅದಕ್ಕಿಲ್ಲ. ಲಿನಕ್ಸ್ ಬಳಸುವವರಿಗೆ ಇದು ಚೆನ್ನಾಗಿ ಗೊತ್ತಿರುವ ಸಂಗತಿ. ಬಹುತೇಕ ಡೆಸ್ಕ್‌ಟಾಪುಗಳ ಡಿಬಿ ಪಟ್ಟಿಯಲ್ಲಿ ಇರುವುದು ಮೈಕ್ರೋಸಾಫ್ಟಿನ ಪ್ರಮಾಣಪತ್ರಗಳು. ಆದ್ದರಿಂದ ಸ್ವತಂತ್ರ ತಂತ್ರಾಂಶದ ಸಮುದಾಯ ಶಿಮ್ ಎಂಬ ಚಿಕ್ಕ ಮಧ್ಯವರ್ತಿ ಕಾರ್ಯಕ್ರಮವನ್ನು ಬರೆದು, ಅದಕ್ಕೆ ಮೈಕ್ರೋಸಾಫ್ಟಿನ ಸಹಿ ಪಡೆದು, ಅದರ ಮೂಲಕ ತನ್ನ ಬೂಟ್‌ಲೋಡರನ್ನು ಒಳಗೆ ಕರೆಸಿಕೊಳ್ಳುವ ದಾರಿ ಮಾಡಿಕೊಂಡಿತು. ಬಳಕೆದಾರನೇ ಕಟ್ಟಿಕೊಂಡ ಡ್ರೈವರಿಗೆ ಈ ದಾರಿಯೂ ಸಾಲದು. ಅದಕ್ಕಾಗಿ ಮಾಕ್, ಅಂದರೆ ಯಂತ್ರದ ಒಡೆಯನ ಕೀಲಿ, ಎಂಬ ಏರ್ಪಾಡಿದೆ. ಒಡೆಯ ತನ್ನ ಕೀಲಿಯನ್ನು ತಾನೇ ಸೃಷ್ಟಿಸಿ, ಒಂದು ತಾತ್ಕಾಲಿಕ ಗುಪ್ತಪದ ಕೊಟ್ಟು, ಯಂತ್ರವನ್ನು ಮರಳಿ ಎಬ್ಬಿಸುತ್ತಾನೆ. ಆಗ ನೀಲಿ ಪರದೆಯೊಂದು ಮೂಡಿ, ಯಾವುದಾದರೊಂದು ಕೀ ಒತ್ತುವಂತೆ ಕೆಲವೇ ಸೆಕೆಂಡುಗಳ ಗಡುವು ಕೊಡುತ್ತದೆ. ಒತ್ತಿದರೆ ಎನ್‌ರೋಲ್ ಮಾಕ್ ಎಂಬ ಆಯ್ಕೆ ಕಾಣಿಸುತ್ತದೆ, ಆ ಗುಪ್ತಪದವನ್ನು ಮತ್ತೆ ಬೆರಳಚ್ಚಿಸಿದ ಮೇಲೆ ಕೀಲಿ ನೋಂದಣಿಯಾಗುತ್ತದೆ. ಗಡುವು ಮೀರಿದರೆ ಯಂತ್ರ ಏನೂ ಆಗದಂತೆ ಮುಂದೆ ಹೋಗುತ್ತದೆ, ಕೀಲಿ ಸೇರುವುದಿಲ್ಲ. ದೂರದಲ್ಲಿ ಕುಳಿತ ಕಳ್ಳ ತಂತ್ರಾಂಶ ಈ ಕೆಲಸ ಮಾಡಲಾಗದಂತೆ, ಒಡೆಯ ಖುದ್ದಾಗಿ ಕೀಬೋರ್ಡಿನ ಮುಂದೆ ಇರಬೇಕೆಂಬ ನಿಯಮವೇ ಇದರ ಹಿಂದಿರುವ ಯುಕ್ತಿ.

ಮೂರನೆಯ ಗುಂಪು ಕಾಲಕ್ಕೆ ಸಂಬಂಧಿಸಿದ್ದು: ನಿನ್ನೆ ಒಪ್ಪಿದ ಸಹಿಯನ್ನು ಇಂದು ಒಪ್ಪದಿರುವುದು. 2020ರಲ್ಲಿ ಲಿನಕ್ಸಿನ ಗ್ರಬ್ ಬೂಟ್‌ಲೋಡರಿನಲ್ಲಿ ಬೂಟ್‌ಹೋಲ್ ಎಂಬ ದೋಷ ಸಿಕ್ಕ ಮೇಲೆ, ಕಡತಗಳನ್ನು ಒಂದೊಂದಾಗಿ ಬಹಿಷ್ಕರಿಸುವ ಬದಲು ಇಡೀ ಪೀಳಿಗೆಯನ್ನೇ ಹಳೆಯದೆಂದು ಸಾರುವ ಎಸ್‌ಬ್ಯಾಟ್ ಎಂಬ ಕ್ರಮ ರೂಪುಗೊಂಡಿತು. 2024ರ ಆಗಸ್ಟ್‌ನ ವಿಂಡೋಸ್ ಅಪ್‌ಡೇಟ್ ಈ ಕ್ರಮವನ್ನು ಜಾರಿಗೆ ತಂದಾಗ, ವಿಂಡೋಸ್ ಜೊತೆಗೆ ಲಿನಕ್ಸನ್ನೂ ಇಟ್ಟುಕೊಂಡಿದ್ದ ಅನೇಕ ಯಂತ್ರಗಳು ಸೆಕ್ಯೂರಿಟಿ ಪಾಲಿಸಿ ವಯೊಲೇಷನ್ ಎಂಬ ಒಂದು ಸಾಲು ತೋರಿಸಿ ನಿಂತುಬಿಟ್ಟವು. 2011ರಲ್ಲಿ ಹೊರಡಿಸಿದ ಮೈಕ್ರೋಸಾಫ್ಟ್ ಪ್ರಮಾಣಪತ್ರಗಳ ಅವಧಿ 2026ರ ಜೂನ್‌ನಿಂದ ಅಕ್ಟೋಬರ್‌ವರೆಗೆ ಮುಗಿಯುವಂತಿದ್ದುದರಿಂದ ಅವುಗಳ ಜಾಗಕ್ಕೆ 2023ರ ಪ್ರಮಾಣಪತ್ರಗಳನ್ನು ತರಬೇಕಾಗಿ ಬಂದುದೂ ಇದೇ ಬಗೆಯದು. ಅವಧಿ ಮುಗಿದೊಡನೆ ಯಂತ್ರ ಏಳುವುದು ನಿಲ್ಲುವುದಿಲ್ಲವಾದರೂ, ಹೊಸ ಕೀಲಿ ಸೇರದ ಯಂತ್ರಕ್ಕೆ ಬೂಟ್ ಭಾಗದ ಮುಂದಿನ ಭದ್ರತಾ ತಿದ್ದುಪಡಿಗಳು ತಲುಪುವುದಿಲ್ಲ. ಇದಲ್ಲದೆ ಸೆಕ್ಯೂರ್ ಬೂಟಿನ ಸ್ಥಿತಿ ಬದಲಾದಾಗ ಬಿಟ್‌ಲಾಕರ್ ಎಂಬ ಡಿಸ್ಕ್ ಬೀಗ ಅನುಮಾನಗೊಂಡು 48 ಅಂಕಿಗಳ ರಿಕವರಿ ಕೀಲಿಯನ್ನು ಕೇಳಬಹುದು. ಆ ಸಂಖ್ಯೆಯನ್ನು ಮೊದಲೇ ಬರೆದಿಟ್ಟುಕೊಳ್ಳದೆ ಮೆನುವಿಗೆ ಕೈಹಾಕುವುದು ಅಪಾಯ.

ಇಷ್ಟೆಲ್ಲ ಸರಿಪಡಿಸಿದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ: ಸಹಿ ಸರಿಯಾಗಿದ್ದರೆ ಬಂದದ್ದು ಒಳ್ಳೆಯದೆಂದು ಅರ್ಥವೇ? 2023ರ ಮಾರ್ಚ್‌ನಲ್ಲಿ ಇಸೆಟ್ ಸಂಸ್ಥೆಯ ಸಂಶೋಧಕರು ವಿಶ್ಲೇಷಿಸಿದ ಬ್ಲ್ಯಾಕ್‌ಲೋಟಸ್ ಎಂಬ ದುಷ್ಟ ತಂತ್ರಾಂಶ, ದೋಷವಿದ್ದ ಹಳೆಯ ವಿಂಡೋಸ್ ಬೂಟ್‌ಲೋಡರನ್ನು ಮುಂದಿಟ್ಟುಕೊಂಡು ಒಳನುಗ್ಗುತ್ತಿತ್ತು. ಆ ಬೂಟ್‌ಲೋಡರಿನ ಸಹಿ ಅಪ್ಪಟ, ಅದರೊಳಗಿನ ದೋಷವೂ ಅಪ್ಪಟ. 2024ರ ಜುಲೈಯಲ್ಲಿ ಬೈನರ್ಲಿ ಎಂಬ ಭದ್ರತಾ ಸಂಸ್ಥೆ ಬಯಲು ಮಾಡಿದ ಪಿಕೆಫೇಲ್ ಪ್ರಕರಣ ಇನ್ನೂ ವಿಚಿತ್ರ: ಪರೀಕ್ಷೆಗೆಂದು ತಯಾರಾಗಿ, ಇದನ್ನು ನಂಬಬೇಡಿ ಎಂದು ಇಂಗ್ಲಿಷಿನಲ್ಲಿ ಹೆಸರಿನಲ್ಲೇ ಬರೆಸಿಕೊಂಡಿದ್ದ ಪ್ಲಾಟ್‌ಫಾರ್ಮ್ ಕೀಲಿ, ಹಲವು ತಯಾರಕರ ನೂರಾರು ಮಾದರಿಗಳಲ್ಲಿ ನಂಬಿಕೆಯ ಬುಡವಾಗಿಯೇ ಮಾರುಕಟ್ಟೆಗೆ ಬಂದಿತ್ತು. ಸಹಿ ಹೇಳುವುದು ಇದು ಯಾರದು ಎಂಬುದನ್ನು ಮಾತ್ರ. ಇದು ಎಂಥದು ಎಂಬುದಕ್ಕೆ ಬೇರೆ ವಿಚಾರಣೆ ಬೇಕು. ಬಾದಾಮಿ ಚಾಲುಕ್ಯರ ತಾಮ್ರಪಟಗಳನ್ನು ಓದುವ ಶಾಸನತಜ್ಞರಿಗೆ ಈ ಭೇದ ಹೊಸತಲ್ಲ. ತಗಡುಗಳನ್ನು ಪೋಣಿಸಿದ ಬಳೆಯ ಮೇಲೆ ವರಾಹ ಲಾಂಛನದ ಮುದ್ರೆ ಇರುತ್ತಿತ್ತಾದರೂ, ದಾನಭೂಮಿಯ ಹಕ್ಕಿಗಾಗಿ ನಂತರದ ಕಾಲದಲ್ಲಿ ಸೃಷ್ಟಿಯಾದ ಕೂಟಶಾಸನಗಳು ಇದ್ದುದರಿಂದ, ಜೆ. ಎಫ್. ಫ್ಲೀಟ್ ಮೊದಲಾದ ವಿದ್ವಾಂಸರು ಮುದ್ರೆಯೊಂದನ್ನೇ ನೆಚ್ಚದೆ ಲಿಪಿಯ ವಯಸ್ಸು, ತಿಥಿ ವಾರಗಳ ಹೊಂದಿಕೆ, ಭಾಷೆಯ ರೂಪ ಇವುಗಳನ್ನೆಲ್ಲ ತೂಗಿ ನೋಡಿದರು.

ಈಗ ಮೂಲ ಪ್ರಶ್ನೆಗೆ ಬರಬಹುದು. ಜ್ಞಾನದ ಪ್ರಾಮಾಣ್ಯ, ಅಂದರೆ ಅದು ನಂಬಲರ್ಹ ಎಂಬ ಗುಣ, ಹೊರಗಿನಿಂದ ಪರೀಕ್ಷಿಸಿದ ಮೇಲಷ್ಟೆ ತಿಳಿಯುತ್ತದೆ ಎಂಬ ನೈಯಾಯಿಕರ ಮತಕ್ಕೆ ಪರತಃಪ್ರಾಮಾಣ್ಯವಾದ ಎಂದು ಹೆಸರು. ಜ್ಞಾನವನ್ನು ನೆಚ್ಚಿ ನಡೆದಾಗ ಕೆಲಸ ಕೈಗೂಡಿತೇ ಎಂಬುದೇ ಅವರ ದೃಷ್ಟಿಯಲ್ಲಿ ಮುಖ್ಯ ಪರೀಕ್ಷೆ. ಜ್ಞಾನ ತನ್ನಷ್ಟಕ್ಕೆ ನಂಬಲರ್ಹವೇ, ಅದನ್ನು ಅಲ್ಲಗಳೆಯುವ ಬಾಧಕ ಜ್ಞಾನವೋ ಅದು ಹುಟ್ಟಿದ ಕಾರಣದಲ್ಲಿನ ದೋಷವೋ ಕಂಡುಬಂದಾಗ ಮಾತ್ರ ಅದನ್ನು ಕೈಬಿಡಬೇಕು ಎಂಬ ಮೀಮಾಂಸಕರ ಮತಕ್ಕೆ ಸ್ವತಃಪ್ರಾಮಾಣ್ಯವಾದ ಎಂದು ಹೆಸರು. ಸೆಕ್ಯೂರ್ ಬೂಟಿನ ಡಿಬಿ ಪಟ್ಟಿ ನೈಯಾಯಿಕನಂತೆ ವರ್ತಿಸಿ ಪರೀಕ್ಷೆಯಾಗದ ಯಾವುದನ್ನೂ ಒಳಗೆ ಬಿಡುವುದಿಲ್ಲ. ಡಿಬಿಎಕ್ಸ್ ಪಟ್ಟಿ ಮೀಮಾಂಸಕರ ಬಾಧಕದ ಕೆಲಸ ಮಾಡುತ್ತದೆ. ಆದರೆ ಪ್ಲಾಟ್‌ಫಾರ್ಮ್ ಕೀಲಿಯ ಹತ್ತಿರ ಬಂದಾಗ ಇಡೀ ವ್ಯವಸ್ಥೆ ಪರೀಕ್ಷೆಯನ್ನು ನಿಲ್ಲಿಸಿ ಆ ಕೀಲಿಯನ್ನು ಸ್ವತಃಪ್ರಮಾಣವೆಂದು ಒಪ್ಪಿಬಿಡುತ್ತದೆ. ಮೂರು ನಾಲ್ಕು ಜ್ಞಾನಗಳಿಂದಾಚೆಗೆ ಪರೀಕ್ಷೆಯನ್ನು ಬೆಳೆಸಬೇಕಾಗಿಲ್ಲ ಎಂದು ಕುಮಾರಿಲ ಭಟ್ಟ ಶ್ಲೋಕವಾರ್ತಿಕದಲ್ಲಿ ವಾದಿಸಿದ್ದನ್ನು ನೆನೆದರೆ, ಕಡತದಿಂದ ಪಟ್ಟಿಗೆ, ಪಟ್ಟಿಯಿಂದ ಅದನ್ನು ತಿದ್ದುವ ಕೀಲಿಗೆ, ಅಲ್ಲಿಂದ ಒಡೆತನದ ಕೀಲಿಗೆ ಏರಿ ನಿಲ್ಲುವ ಈ ರಚನೆ ಅದೇ ವಿವೇಕವನ್ನು ಬೇರೆ ದಾರಿಯಲ್ಲಿ ಮುಟ್ಟಿದೆ ಎನ್ನಬೇಕಾಗುತ್ತದೆ.

ಈ ಎರಡು ವಾದಗಳ ನಡುವೆ ಜೈನ ತಾರ್ಕಿಕರು ಸೂಚಿಸಿದ ದಾರಿ ಈ ವಿಷಯಕ್ಕೆ ಹೆಚ್ಚು ಒಪ್ಪುತ್ತದೆ. ಪ್ರಾಮಾಣ್ಯ ಕೆಲವೆಡೆ ಸ್ವತಃ, ಕೆಲವೆಡೆ ಪರತಃ ಎಂದು ಮಾಣಿಕ್ಯನಂದಿಯ ಪರೀಕ್ಷಾಮುಖ ಹೇಳುತ್ತದೆ. ಪಳಗಿದ ಸಂದರ್ಭದಲ್ಲಿ, ಅಂದರೆ ಅಭ್ಯಾಸದಶೆಯಲ್ಲಿ, ಜ್ಞಾನ ತಾನಾಗಿಯೇ ನಂಬಲರ್ಹವೆನಿಸುತ್ತದೆ, ಹೊಸ ಸಂದರ್ಭದಲ್ಲಿ ಅದನ್ನು ಹೊರಗಿನ ಆಧಾರದಿಂದ ದೃಢಪಡಿಸಿಕೊಳ್ಳಬೇಕು ಎಂಬುದು ಇದರ ವಿವರಣೆ. ಬಾದಾಮಿಯ ನಾಲ್ಕನೆಯ ಗುಹೆಯಲ್ಲಿ ತೀರ್ಥಂಕರರನ್ನು ಕಡೆದ, ಐಹೊಳೆಯ ಮೇಗುಟಿಯಲ್ಲಿ 634ರಲ್ಲಿ ರವಿಕೀರ್ತಿಯಿಂದ ಜಿನಾಲಯ ಕಟ್ಟಿಸಿದ ಪರಂಪರೆಗೆ ಸೇರಿದ ಈ ನಿಲುವು, ನಂಬಿಕೆಯನ್ನು ಒಮ್ಮೆ ಕೊಟ್ಟು ಮುಗಿಸುವ ವಸ್ತುವೆಂದು ನೋಡದೆ, ಸಂದರ್ಭ ಬದಲಾದಾಗ ಮತ್ತೆ ತೂಗಬೇಕಾದ ಸ್ಥಿತಿಯೆಂದು ನೋಡುತ್ತದೆ. ದಿನವೂ ಏಳುವ ಯಂತ್ರವನ್ನು ದಿನವೂ ಅನುಮಾನಿಸುವುದು ವ್ಯರ್ಥ. ಹೊಸ ಕಾರ್ಡ್ ಸೇರಿದಾಗ, ಹೊಸ ಅಪ್‌ಡೇಟ್ ಬಂದಾಗ, ಮದರ್‌ಬೋರ್ಡಿನ ಸೆಲ್ ಸತ್ತು ಸೆಟಿಂಗುಗಳು ಹಿಂದಿನ ಸ್ಥಿತಿಗೆ ಮರಳಿದಾಗ ಅನುಮಾನಿಸದಿರುವುದು ಅವಿವೇಕ.

ಧರ್ಮದ ವಿಷಯದಲ್ಲಿ ಬುಡದ ನಂಬಿಕೆ ಹೇಗೆ ಬರುತ್ತದೆ ಎಂಬುದಕ್ಕೆ ಈ ಸೀಮೆಯಲ್ಲಿ ಎರಡು ಮಾದರಿಗಳು ಒಂದರ ಹತ್ತಿರ ಒಂದಿವೆ. ಬಾದಾಮಿಗೆ ಸಮೀಪದ ಚೊಳಚಗುಡ್ಡದ ಬನಶಂಕರಿ, ಶಾಕಂಭರಿ ಎಂದೂ ಕರೆಸಿಕೊಳ್ಳುವ ಸಿಂಹವಾಹಿನಿ, ಕನ್ನಡ ಮತ್ತು ಮರಾಠಿ ನಾಡುಗಳ ಅಸಂಖ್ಯ ಮನೆತನಗಳಿಗೆ, ನೇಕಾರರಾದ ದೇವಾಂಗರಿಗೂ ದೇಶಸ್ಥರಿಗೂ, ಕುಲದೇವತೆ. ಬನದ ಹುಣ್ಣಿಮೆಯ ರಥೋತ್ಸವಕ್ಕೆ, ಅದರ ಮುನ್ನಾದಿನ ನೂರೆಂಟು ಬಗೆಯ ಪಲ್ಯ ನೈವೇದ್ಯವಾಗುವ ಪಲ್ಲೇದ ಹಬ್ಬಕ್ಕೆ ದೂರದೂರದಿಂದ ಬರುವವರಲ್ಲಿ ಹೆಚ್ಚಿನವರು ಈ ದೇವಿಯನ್ನು ಪರೀಕ್ಷಿಸಿ ಆರಿಸಿಕೊಂಡವರಲ್ಲ. ಅವರು ಹುಟ್ಟುವ ಮೊದಲೇ ಅವರ ಮನೆಯ ದೇವರು ನಿಶ್ಚಯವಾಗಿತ್ತು. ಪೆಟ್ಟಿಗೆ ಬಿಚ್ಚುವ ಮೊದಲೇ ಯಂತ್ರದಲ್ಲಿ ಕಾರ್ಖಾನೆಯ ಕೀಲಿಗಳು ಇರುವುದೂ ಇಂಥದೇ ಕ್ರಮ, ಮತ್ತು ಇದರಲ್ಲಿ ಹೀನವಾದುದೇನೂ ಇಲ್ಲ: ಯಾವುದಾದರೊಂದು ನಂಬಿಕೆ ಮೊದಲೇ ಇಲ್ಲದಿದ್ದರೆ ಪರೀಕ್ಷೆಯನ್ನು ಆರಂಭಿಸುವುದಕ್ಕೂ ನೆಲೆ ಸಿಗುವುದಿಲ್ಲ.

ಎರಡನೆಯ ಮಾದರಿ ಹುನಗುಂದ ಸೀಮೆಯ ಕೂಡಲಸಂಗಮದ್ದು. ಕೃಷ್ಣಾ ಮಲಪ್ರಭೆಗಳು ಕೂಡುವ ಆ ಸ್ಥಳದಲ್ಲಿ ಬೆಳೆದು ಅಲ್ಲಿಯೇ ಐಕ್ಯನಾದ ಬಸವಣ್ಣನ ಪರಂಪರೆಯಲ್ಲಿ ಲಿಂಗವು ಗುಡಿಯಿಂದ ಅಂಗೈಗೆ ಬರುತ್ತದೆ. ದೀಕ್ಷೆಯ ಹೊತ್ತಿನಲ್ಲಿ ಗುರು ಶಿಷ್ಯನ ಕರಸ್ಥಲದಲ್ಲಿ ಇಷ್ಟಲಿಂಗವನ್ನು ಇಡುತ್ತಾನೆ, ಇದನ್ನು ದೂರದಿಂದಾಗಲಿ ಬೇರೊಬ್ಬರ ಪರವಾಗಿಯಾಗಲಿ ಮಾಡಲು ಬಾರದು. ಒಡೆಯ ಖುದ್ದಾಗಿ ಮುಂದೆ ನಿಂತು ತನ್ನ ಕೀಲಿಯನ್ನು ಸೇರಿಸಬೇಕೆಂಬ ಮಾಕ್ ನಿಯಮದ ಹಿಂದಿನ ತತ್ತ್ವವೂ ಇದೇ: ನಂಬಿಕೆ ನಂಬುವವನ ಎಚ್ಚರದ ಒಪ್ಪಿಗೆಯಿಂದ ನೆಲೆಗೊಳ್ಳಬೇಕು. ಆದರೆ ಎರಡು ಮಾದರಿಗಳ ನಡುವಿನ ಗೆರೆ ಅಷ್ಟು ಗಟ್ಟಿಯಲ್ಲ. ಲಿಂಗಾಯತ ಮನೆಗಳಲ್ಲಿ ಹಸುಗೂಸಿಗೂ ಲಿಂಗಧಾರಣೆ ಮಾಡುವ ರೂಢಿ ಇರುವುದರಿಂದ ದೀಕ್ಷೆಯ ಧರ್ಮವೂ ಹುಟ್ಟಿನ ಧರ್ಮವಾಗುತ್ತದೆ. ಹಾಗೆಯೇ ಮನೆದೇವರನ್ನು ಹರಯದಲ್ಲಿ ಪ್ರಶ್ನಿಸಿ, ಬಿಟ್ಟು, ಮತ್ತೆ ಬಯಸಿ ಬರುವವನ ಪಾಲಿಗೆ ಬನಶಂಕರಿ ಆರಿಸಿಕೊಂಡ ದೈವವಾಗುತ್ತಾಳೆ. ಬಸವಣ್ಣನಿಗೇ ಲಿಂಗ ಕೊಟ್ಟವರು ಯಾರು ಎಂದು ಕೇಳಿದರೆ, ಹರಿಹರನ ಬಸವರಾಜದೇವರ ರಗಳೆಯಲ್ಲಿ ಸಂಗಮನಾಥನೇ ನಂದಿಯ ಮೂಲಕ ಅದನ್ನು ಕೊಡುತ್ತಾನೆ. ಗುರುಪರಂಪರೆಯ ತುದಿಯಲ್ಲಿಯೂ ತನಗೆ ತಾನೇ ಸಾಕ್ಷಿಯಾದ ಒಂದು ಮೂಲ ನಿಲ್ಲುತ್ತದೆ.

ಹಾಗಾದರೆ ಆ ಮೂಲವನ್ನು ಬದಲಾಯಿಸುವ ಅಧಿಕಾರ ಯಾರದು? ಕೂಡಲಸಂಗಮದೇವ ಎಂಬ ಅಂಕಿತ ಬಸವಣ್ಣನ ವಚನಗಳನ್ನು ಗುರುತಿಸುವ ಕುರುಹು; ಆದರೆ ಅಂಕಿತವನ್ನು ಯಾರಾದರೂ ಬರೆದು ಸೇರಿಸಬಹುದಾದುದರಿಂದ, ಫ. ಗು. ಹಳಕಟ್ಟಿಯವರು 1923ರಲ್ಲಿ ವಚನಶಾಸ್ತ್ರಸಾರವನ್ನು ಹೊರತಂದ ಕಾಲದಿಂದ 1993ರ ಸಮಗ್ರ ವಚನ ಸಂಪುಟಗಳವರೆಗೆ ಸಂಪಾದಕರು ಓಲೆಗರಿಗಳನ್ನು ತಾಳೆ ನೋಡುತ್ತ ಬಂದರು. ಕೂಡಲಸಂಗಮದ ಬಸವ ಧರ್ಮಪೀಠದ ಮಾತೆ ಮಹಾದೇವಿಯವರು ತಮ್ಮ ವಚನ ದೀಪ್ತಿ ಎಂಬ ಸಂಕಲನದಲ್ಲಿ ಆ ಅಂಕಿತದ ಜಾಗದಲ್ಲಿ ಲಿಂಗದೇವ ಎಂದು ಬಳಸಿದಾಗ ದೊಡ್ಡ ವಿವಾದ ಎದ್ದಿತು. 1998ರಲ್ಲಿ ಕರ್ನಾಟಕ ಸರ್ಕಾರ ಪುಸ್ತಕವನ್ನು ಮುಟ್ಟುಗೋಲು ಹಾಕಿಕೊಂಡಿತು, 2017ರಲ್ಲಿ ಸುಪ್ರೀಂ ಕೋರ್ಟ್ ಆ ಕ್ರಮವನ್ನು ಎತ್ತಿಹಿಡಿಯಿತು. ಪೀಠದ ಅಧಿಪತಿಯ ಶ್ರದ್ಧೆ ಒಂದು ಕಡೆ, ಹಸ್ತಪ್ರತಿಗಳ ಸಾಕ್ಷ್ಯ ಇನ್ನೊಂದು ಕಡೆ, ಅದೇ ಅಂಕಿತವನ್ನು ನಾಲಗೆಯ ಮೇಲೆ ಹೊತ್ತ ಸಮುದಾಯ ಮತ್ತೊಂದು ಕಡೆ ನಿಂತ ಈ ಪ್ರಕರಣದಲ್ಲಿ ಕಾಣುವುದು ಇಷ್ಟು: ಬುಡದ ಗುರುತಿಗೆ ತರ್ಕದ ಪ್ರಮಾಣ ಇಲ್ಲದಿರಬಹುದು, ಆದರೆ ಅದನ್ನು ನೆಚ್ಚಿ ನಿಂತವರು ಅನೇಕರಿದ್ದಾಗ ಬದಲಾವಣೆಗೆ ಅವರೆಲ್ಲರ ಮುಂದೆ ಉತ್ತರ ಹೇಳಬೇಕಾಗುತ್ತದೆ. ಒಬ್ಬರ ಮೇಜಿನ ಮೇಲಿನ ಯಂತ್ರದಲ್ಲಿ ಒಡೆಯನೊಬ್ಬನೇ ಕೀಲಿ ಬದಲಿಸಬಹುದು. ಪರಂಪರೆಯಲ್ಲಿ ಅಂಥ ಒಬ್ಬ ಒಡೆಯನಿಲ್ಲ.

ಸೆಕ್ಯೂರ್ ಬೂಟ್ ತೊಂದರೆ ಕೊಟ್ಟೊಡನೆ ಅದನ್ನು ಆಫ್ ಮಾಡಿ ಕೈತೊಳೆದುಕೊಳ್ಳುವುದು ಸುಲಭದ ಉಪಾಯ, ಧರ್ಮದಲ್ಲಿ ನಂಬಿಕೆಯೇ ಬೇಡವೆನ್ನುವುದೂ ಅಷ್ಟೇ ಸುಲಭ. ಆದರೆ ಆಫ್ ಮಾಡಿದ ಯಂತ್ರ ನಂಬಿಕೆಯಿಂದ ಮುಕ್ತವಾಗುವುದಿಲ್ಲ, ಬಂದದ್ದನ್ನೆಲ್ಲ ಪರೀಕ್ಷಿಸದೆ ನಂಬುವ ಯಂತ್ರವಾಗುತ್ತದೆ. ಸಂದೇಹವಾದಿಗಳು ಹೇಳಿದಂತೆ ಬುಡಕ್ಕೆ ಪ್ರಮಾಣವಿಲ್ಲ ಎಂಬುದು ನಿಜ. ಅದರಿಂದ ಎಲ್ಲ ಬುಡಗಳೂ ಸಮಾನ ಎಂಬ ತೀರ್ಮಾನ ಮಾತ್ರ ಹೊರಡುವುದಿಲ್ಲ. ತಾನು ಯಾರದೆಂದು ತೋರಿಸಿಕೊಳ್ಳುವ, ದೋಷ ಕಂಡಾಗ ಬಾಧಕಕ್ಕೆ ತಲೆಬಾಗುವ, ನಂಬುವವನ ಖುದ್ದು ಒಪ್ಪಿಗೆಗೆ ಜಾಗ ಬಿಡುವ ಬುಡ, ಪರೀಕ್ಷೆಗೆಂದು ಇಟ್ಟು ಮರೆತುಹೋದ ಕೀಲಿಗಿಂತ ಮೇಲು. ಆದ್ದರಿಂದ ಕೆಟ್ಟು ನಿಂತ ಯಂತ್ರದ ಮುಂದೆ ಕುಳಿತವನು ಕೀಲಿಗಳನ್ನು ಅಳಿಸುವ ಮೊದಲು ಮೂರು ಸಂಗತಿಗಳನ್ನು ತಿಳಿದುಕೊಳ್ಳಬೇಕು: ಕಾವಲು ನಿಜವಾಗಿ ನಿಂತಿದೆಯೇ, ತಡೆಯಲ್ಪಟ್ಟದ್ದು ಅಪರಿಚಿತವೋ ಬಹಿಷ್ಕೃತವೋ, ಈಗ ಇರುವ ಕೀಲಿಗಳು ಯಾರವು. ಪಿತ್ರಾರ್ಜಿತ ನಂಬಿಕೆಯನ್ನು ಉಳಿಸಿಕೊಳ್ಳಬೇಕೋ ಬಿಡಬೇಕೋ ಎಂದು ಯೋಚಿಸುವವನಿಗೂ ಇವಕ್ಕಿಂತ ಬೇರೆಯಾದ ಪ್ರಶ್ನೆಗಳಿಲ್ಲ, ಮತ್ತು ಅವನ ಪರವಾಗಿ ಇನ್ನೊಬ್ಬರು ಅವಕ್ಕೆ ಉತ್ತರಿಸಲಾರರು.